ಎಂಬಿಎ ಸೀಟಿಗೆ ಯಾವ ಪರೀಕ್ಷೆ? ದಾವಣಗೆರೆ, ಚಿತ್ರದುರ್ಗದ ಪದವೀಧರರಿಗೆ ಹಂತ ಹಂತದ ಮಾರ್ಗದರ್ಶಿ

ಪದವಿಯ ಕೊನೆಯ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಪ್ರತಿ ವರ್ಷವೂ ಒಂದೇ: ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆಯಲೋ, ಖಾಸಗಿ ಕಾಲೇಜುಗಳ ಕೆಮ್ಯಾಟ್ ಬರೆಯಲೋ, ಕ್ಯಾಟ್‌ಗೇ ಕೂರಲೋ? ಈ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳಿ. ನನಗೆ ಎಲ್ಲಿ ಓದಬೇಕಿದೆ, ಎಷ್ಟು ಖರ್ಚು ಮಾಡಬಲ್ಲೆ ಎಂಬುದು ಮೊದಲು ಇತ್ಯರ್ಥವಾದರೆ ಬರೆಯಬೇಕಾದ ಪರೀಕ್ಷೆ ತಾನಾಗಿಯೇ ಗೊತ್ತಾಗುತ್ತದೆ. ಗೆಳೆಯರು ಅರ್ಜಿ ಹಾಕಿದರೆಂದು ನಾಲ್ಕು ಪರೀಕ್ಷೆಗೆ ಹಣ ಕಟ್ಟಿ ಒಂದಕ್ಕೂ ಸರಿಯಾಗಿ ಓದದಿರುವುದೇ ಇಲ್ಲಿ ಹೆಚ್ಚು ನಡೆಯುವ ತಪ್ಪು.

ಹಂತ 1: ಮೊದಲು ಸೀಟು ಯಾವುದೆಂದು ಗೊತ್ತುಮಾಡಿಕೊಳ್ಳಿ

ನಿಮ್ಮ ಮುಂದಿರುವ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಸರ್ಕಾರಿ ಕೋಟಾದ ಸೀಟು. ಇದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪಿಜಿಸಿಇಟಿ ರ‍್ಯಾಂಕ್ ಮೇಲೆ ಹಂಚುತ್ತದೆ. ತೋಳಹುಣಸೆಯ ಶಿವಗಂಗೋತ್ರಿ ಆವರಣದಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂಬಿಎ ಇದೆ. ಊರೊಳಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನಲ್ಲಿದೆ, ಖಾಸಗಿ ವಿಶ್ವವಿದ್ಯಾಲಯವಾದ ಜಿಎಂನಲ್ಲೂ ಇದೆ. ಮನೆಯಿಂದ ಓಡಾಡಿ ಓದಬೇಕೆನ್ನುವವರು ಮೊದಲು ನೋಡಬೇಕಾದ್ದು ಇವನ್ನೇ.

ಎರಡನೆಯದು ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಕೋಟಾ. ಇದಕ್ಕೆ ಕೆಮ್ಯಾಟ್, ಮ್ಯಾಟ್, ಸಿಮ್ಯಾಟ್ ಅಂಕಗಳು ನಡೆಯುತ್ತವೆ. ಶುಲ್ಕವನ್ನು ಕಾಲೇಜಿನಿಂದ ಬರಹದಲ್ಲೇ ಪಡೆಯಿರಿ. ಬೋಧನಾ ಶುಲ್ಕ ಒಂದನ್ನೇ ಹೇಳಿ, ಹಾಸ್ಟೆಲ್, ಪರೀಕ್ಷೆ, ತರಬೇತಿ, ಸಮವಸ್ತ್ರದ ಲೆಕ್ಕವನ್ನು ಆಮೇಲೆ ಮುಂದಿಡುವುದುಂಟು.

ಮೂರನೆಯದು ಐಐಎಂ, ಅಂದರೆ ಭಾರತೀಯ ನಿರ್ವಹಣಾ ಸಂಸ್ಥೆಗಳು, ಮತ್ತು ಆ ಮಟ್ಟದ ಸಂಸ್ಥೆಗಳು. ಅಲ್ಲಿಗೆ ಕ್ಯಾಟ್ ಬೇಕು. ಜಮ್ಷೆಡ್‌ಪುರದ ಎಕ್ಸ್‌ಎಲ್‌ಆರ್‌ಐ ತನ್ನದೇ ಪರೀಕ್ಷೆಯಾದ ಎಕ್ಸ್ಯಾಟ್ ನಡೆಸುತ್ತದೆ. ನಾಲ್ಕನೆಯದು ಕೆಲಸ ಬಿಡದೆ ಓದುವ ದೂರಶಿಕ್ಷಣ ಅಥವಾ ಆನ್‌ಲೈನ್ ಎಂಬಿಎ. ಅದರ ಮಾತು ಕೊನೆಯಲ್ಲಿದೆ.

ಒಂದು ಪದ ಇಲ್ಲಿ ಗೊಂದಲ ಮಾಡುತ್ತದೆ. ಕೆಲವು ಸಂಸ್ಥೆಗಳು ಕೊಡುವುದು ಎಂಬಿಎ ಅಲ್ಲ, ಪಿಜಿಡಿಎಂ. ವಿಶ್ವವಿದ್ಯಾಲಯ ಕೊಡುವುದು ಎಂಬಿಎ ಪದವಿ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಮಾನ್ಯತೆ ಪಡೆದ ಸ್ವತಂತ್ರ ಸಂಸ್ಥೆ ಕೊಡುವುದು ಪಿಜಿಡಿಎಂ ಡಿಪ್ಲೊಮಾ. ಖಾಸಗಿ ಕಂಪನಿಗಳು ಎರಡನ್ನೂ ಒಪ್ಪುತ್ತವೆ. ಮುಂದೆ ಪಿಎಚ್‌ಡಿ ಅಥವಾ ಸರ್ಕಾರಿ ಕೆಲಸದ ಯೋಚನೆ ಇದ್ದರೆ, ಆ ಪಿಜಿಡಿಎಂಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ತತ್ಸಮಾನ ಮಾನ್ಯತೆ ಇದೆಯೇ ಎಂದು ಸೇರುವ ಮುಂಚೆಯೇ ಕೇಳಿ.

ಹಂತ 2: ಅರ್ಹತೆಯ ಲೆಕ್ಕ ಈಗಲೇ ಹಾಕಿ

ಕನಿಷ್ಠ 3 ವರ್ಷದ ಪದವಿ ಬೇಕು. ಬಿಕಾಂ, ಬಿಬಿಎ, ಬಿಎ, ಬಿಎಸ್ಸಿ, ಬಿಇ ಯಾವುದಾದರೂ ಸರಿ. ಪಿಜಿಸಿಇಟಿಗೆ ಸಾಮಾನ್ಯ ವರ್ಗದವರಿಗೆ ಒಟ್ಟು ಶೇ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರಿಗೆ ಶೇ 45 ಅಂಕ ಇರಬೇಕು. ಕ್ಯಾಟ್‌ನಲ್ಲೂ ಶೇ 50. ಅಲ್ಲಿ ಶೇ 45ರ ರಿಯಾಯಿತಿ ಇರುವುದು ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ.

ಒಟ್ಟು ಅಂಕ ಎಂದರೆ ಎಲ್ಲ ಸೆಮಿಸ್ಟರ್ ಸೇರಿಸಿ. ಕೊನೆಯ ವರ್ಷದ್ದನ್ನು ಮಾತ್ರ ಹಿಡಿದು ಶೇ 58 ಬಂತೆಂದು ಸಮಾಧಾನಪಟ್ಟುಕೊಂಡವರು, ಮೊದಲ ವರ್ಷದ ಅಂಕ ಸೇರಿದಾಗ 49.6ಕ್ಕೆ ಇಳಿಯಬಹುದು. ಆ 49.6ನ್ನು ಯಾರೂ 50 ಎಂದು ಪರಿಗಣಿಸುವುದಿಲ್ಲ. ಸಿಜಿಪಿಎ ಇದ್ದರೆ ನಿಮ್ಮ ವಿಶ್ವವಿದ್ಯಾಲಯದ ಸೂತ್ರದಂತೆಯೇ ಶೇಕಡಾಕ್ಕೆ ಬದಲಿಸಿ. ವಿಟಿಯುನ 2018ರ ಸ್ಕೀಮ್‌ನಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು. ಹಾಗಾಗಿ 6.2 ಸಿಜಿಪಿಎ ಎಂದರೆ ಶೇ 62 ಅಲ್ಲ, ಶೇ 54.5.

ಅಂತಿಮ ಸೆಮಿಸ್ಟರ್‌ನಲ್ಲಿರುವವರೂ ಅರ್ಜಿ ಹಾಕಬಹುದು. ಆದರೆ ಪ್ರವೇಶದ ಹೊತ್ತಿಗೆ ಎಲ್ಲ ಅಂಕಪಟ್ಟಿ ಕೈಯಲ್ಲಿರಬೇಕು. ಹಳೆಯ ಸೆಮಿಸ್ಟರ್‌ನ ಒಂದು ಬ್ಯಾಕ್‌ಲಾಗ್ ಉಳಿದಿದ್ದರೂ ಒಳ್ಳೆಯ ರ‍್ಯಾಂಕ್ ವ್ಯರ್ಥ. ಬ್ಯಾಕ್‌ಲಾಗ್ ಇರುವವರು ಪ್ರವೇಶ ಪರೀಕ್ಷೆಗಿಂತ ಮೊದಲು ಅದಕ್ಕೆ ಓದಿ.

ಹಂತ 3: ಪರೀಕ್ಷೆಗಳ ಸ್ವರೂಪ ತಿಳಿಯಿರಿ

ಪಿಜಿಸಿಇಟಿ: 100 ಪ್ರಶ್ನೆ, 100 ಅಂಕ, 2 ಗಂಟೆ. ಇಂಗ್ಲಿಷ್, ಸಾಮಾನ್ಯ ಜ್ಞಾನ, ತಾರ್ಕಿಕ ಸಾಮರ್ಥ್ಯ, ಗಣಿತ ಬರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗಣಿತ ಎಸ್ಸೆಸ್ಸೆಲ್ಸಿ ಮಟ್ಟ ದಾಟುವುದು ಕಡಿಮೆ. ಈ ಎರಡು ಜಿಲ್ಲೆಗಳ ಬಹುಪಾಲು ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇದೇ: ಬೇರೆ ಯಾವುದನ್ನು ಬರೆದರೂ ಬಿಟ್ಟರೂ ಪಿಜಿಸಿಇಟಿಯನ್ನು ಬಿಡಬೇಡಿ, ಅದನ್ನು ಹಗುರವಾಗಿಯೂ ತೆಗೆದುಕೊಳ್ಳಬೇಡಿ. ಪ್ರಶ್ನೆ ಸುಲಭವಿದ್ದಷ್ಟೂ ಒಂದೊಂದು ಅಂಕಕ್ಕೆ ರ‍್ಯಾಂಕ್ ದೂರ ಜಾರುತ್ತದೆ.

ಕೆಮ್ಯಾಟ್: ಖಾಸಗಿ ಸ್ನಾತಕೋತ್ತರ ಕಾಲೇಜುಗಳ ಸಂಘ ನಡೆಸುವ ಪರೀಕ್ಷೆ. 120 ಪ್ರಶ್ನೆ, 120 ನಿಮಿಷ. ಭಾಷೆ, ಗಣಿತ, ತರ್ಕ ತಲಾ 40. ಇಲ್ಲೂ ಅಂಕ ಕಳೆಯುವುದಿಲ್ಲ. ಎಚ್ಚರ: ಕೇರಳದಲ್ಲೂ ಕೆಮ್ಯಾಟ್ ಹೆಸರಿನ ಪರೀಕ್ಷೆ ಇದೆ. ಅಲ್ಲಿ 180 ಪ್ರಶ್ನೆ, 720 ಅಂಕ, ತಪ್ಪಿಗೆ 1 ಅಂಕ ಕಡಿತ. ಹೆಸರು ನೋಡಿ ಅದರ ಮಾದರಿ ಪತ್ರಿಕೆ ಇಳಿಸಿಕೊಂಡು ಓದುವವರಿದ್ದಾರೆ. ಅರ್ಜಿಯನ್ನೇ ಅಲ್ಲಿಗೆ ಹಾಕಿಬಿಟ್ಟರೆ ಕಟ್ಟಿದ ಹಣವೂ ಹೋಗುತ್ತದೆ.

ಸಿಮ್ಯಾಟ್: ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯದು. 100 ಪ್ರಶ್ನೆ, 400 ಅಂಕ, 3 ಗಂಟೆ. ಸರಿಯಾದರೆ 4, ತಪ್ಪಾದರೆ 1 ಕಡಿತ. ಉದ್ಯಮಶೀಲತೆಯ ಮೇಲೆ 20 ಪ್ರಶ್ನೆ ಇರುವುದು ಇದರ ವಿಶೇಷ.

ಮ್ಯಾಟ್: ವರ್ಷಕ್ಕೆ 4 ಸಲ ನಡೆಯುತ್ತದೆ. 150 ಪ್ರಶ್ನೆಗೆ 120 ನಿಮಿಷ. ಒಂದು ಸಲ ಕೆಟ್ಟರೆ ಮುಂದಿನದಕ್ಕೆ ಕೂರುವ ಅನುಕೂಲವಿದೆ, ಹಾಗಾಗಿ ತಡವಾಗಿ ಎಚ್ಚೆತ್ತವರಿಗೆ ಇದು ಆಸರೆ.

ಕ್ಯಾಟ್: ಐಐಎಂಗಳು ಸರದಿಯಂತೆ ನಡೆಸುತ್ತವೆ. ಅರ್ಜಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. 2024ರಲ್ಲಿ 68 ಪ್ರಶ್ನೆಗಳಿದ್ದವು: ಇಂಗ್ಲಿಷ್ 24, ದತ್ತಾಂಶ ಮತ್ತು ತರ್ಕ 22, ಗಣಿತ 22. ಪ್ರತಿ ಭಾಗಕ್ಕೆ 40 ನಿಮಿಷ. ಒಂದು ಭಾಗದ ಸಮಯ ಮುಗಿಯುವವರೆಗೆ ಇನ್ನೊಂದಕ್ಕೆ ಹೋಗುವಂತಿಲ್ಲ, ಮುಗಿದದ್ದಕ್ಕೆ ಹಿಂದಿರುಗುವಂತೆಯೂ ಇಲ್ಲ. ಸರಿಯಾದರೆ 3, ಆಯ್ಕೆ ಕೊಟ್ಟಿರುವ ಪ್ರಶ್ನೆ ತಪ್ಪಾದರೆ 1 ಕಡಿತ. ಆಯ್ಕೆ ಕೊಡದೆ ಉತ್ತರವನ್ನು ನೀವೇ ಟೈಪ್ ಮಾಡುವ ಪ್ರಶ್ನೆಗೆ ಕಡಿತವಿಲ್ಲ.

ಕ್ಯಾಟ್ ಫಲಿತಾಂಶ ಪರ್ಸೆಂಟೈಲ್‌ನಲ್ಲಿ ಬರುತ್ತದೆ. 90 ಪರ್ಸೆಂಟೈಲ್ ಎಂದರೆ 90 ಅಂಕ ಅಲ್ಲ. ಬರೆದವರಲ್ಲಿ ನೂರಕ್ಕೆ 90 ಮಂದಿ ನಿಮಗಿಂತ ಹಿಂದಿದ್ದಾರೆ ಎಂದರ್ಥ. ಒಟ್ಟು ಪರ್ಸೆಂಟೈಲ್ ಚೆನ್ನಾಗಿದ್ದು ಒಂದು ಭಾಗದಲ್ಲಿ ಕನಿಷ್ಠ ಮಿತಿ ಮುಟ್ಟದಿದ್ದರೂ ಸಂದರ್ಶನದ ಕರೆ ಬರುವುದಿಲ್ಲ. ಮೇಲಾಗಿ ಐಐಎಂಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಗಳನ್ನೂ, ಕೆಲಸದ ಅನುಭವವನ್ನೂ ತೂಗುತ್ತವೆ. ಬೆಂಗಳೂರಿನ ಐಐಎಂ ಹಳೆಯ ಅಂಕಗಳಿಗೆ ಗಣನೀಯ ತೂಕ ಕೊಡುತ್ತದೆ. ಪಿಯುಸಿಯಲ್ಲಿ ಶೇ 60ರ ಆಸುಪಾಸು ಇದ್ದವರು ಕ್ಯಾಟ್ ಬರೆಯಬಾರದು ಎಂದಲ್ಲ. ಕ್ಯಾಟ್ ಅಂಕ ಒಪ್ಪುವ ಬೇರೆ ಸಂಸ್ಥೆಗಳ ಪಟ್ಟಿಯೂ ಕೈಯಲ್ಲಿರಲಿ.

ಹಂತ 4: ಕಾಗದಪತ್ರ, ಅರ್ಜಿಗಿಂತ ಮೂರು ತಿಂಗಳು ಮೊದಲು

ಓದಿದವರೂ ಎಡವುವ ಜಾಗ ಇದು, ಆದ್ದರಿಂದ ಇಲ್ಲಿ ಸಾವಧಾನವಾಗಿ ಓದಿ.

1. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೇ ಎಲ್ಲ ಕಡೆ ಇರಬೇಕು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ ಇದ್ದರೆ ಮೊದಲು ಆಧಾರ್ ತಿದ್ದಿಸಿ.

2. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಅದರ ಮೇಲೆ ಆರ್‌ಡಿಯಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಕೆಇಎ ಅರ್ಜಿಯಲ್ಲಿ ಆ ಸಂಖ್ಯೆ ಹಾಕಿದರೆ ಕಂದಾಯ ಇಲಾಖೆಯ ದಾಖಲೆಯೊಂದಿಗೆ ತಾಳೆಯಾಗುತ್ತದೆ. ಒಂದು ಅಂಕಿ ತಪ್ಪಿದರೆ, ಅವಧಿ ಮೀರಿದ್ದರೆ, ಅಥವಾ ತಂದೆಯ ಹೆಸರಿನ ಪ್ರಮಾಣಪತ್ರವನ್ನು ವಿದ್ಯಾರ್ಥಿಯದೆಂದು ಹಾಕಿದರೆ ಮೀಸಲಾತಿ ಹೋಗಿ ಸಾಮಾನ್ಯ ವರ್ಗಕ್ಕೆ ಬೀಳುತ್ತೀರಿ.

3. ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ಗಡಿಯಾಚೆ ಆಂಧ್ರದ ಶಾಲೆಯಲ್ಲಿ ಕೆಲವು ವರ್ಷ ಓದಿದವರಿರುತ್ತಾರೆ. ಅಂಥವರು ವರ್ಷಗಳನ್ನು ಒಂದೊಂದಾಗಿ ಎಣಿಸಿ ನೋಡಿಕೊಳ್ಳಿ.

4. ಗ್ರಾಮೀಣ ಕೋಟಾಕ್ಕೆ 1ರಿಂದ 10ನೇ ತರಗತಿವರೆಗೆ ಪೂರ್ತಿ 10 ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು. ಹಳ್ಳಿಯಲ್ಲಿ ಮನೆ ಇದ್ದು ಹೈಸ್ಕೂಲಿಗೆ ಪೇಟೆಗೆ ಬಂದಿದ್ದರೆ ಈ ಕೋಟಾ ಸಿಗದು. ಕನ್ನಡ ಮಾಧ್ಯಮದ ಕೋಟಾಕ್ಕೂ ಅದೇ 10 ವರ್ಷ. ಎರಡಕ್ಕೂ ಶಾಲೆಯ ಮುಖ್ಯಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ. ಮಾರ್ಚ್ ಒಳಗೇ ಮಾಡಿಸಿಕೊಳ್ಳಿ.

5. ದಾವಣಗೆರೆಯಲ್ಲಿ ಓದುವ ಹರಪನಹಳ್ಳಿ ಕಡೆಯವರು ಗಮನಿಸಿ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದ್ದು, 371(ಜೆ) ವಿಧಿಯ ಕಲ್ಯಾಣ ಕರ್ನಾಟಕ ಮೀಸಲಾತಿ ಸಿಗುತ್ತದೆ. ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪತ್ರ ಬೇಕು. ಚಿತ್ರದುರ್ಗ, ದಾವಣಗೆರೆ ಜಿಲ್ಲೆಯವರಿಗೆ ಇದು ಅನ್ವಯಿಸುವುದಿಲ್ಲ.

6. ಕ್ಯಾಟ್‌ಗೆ ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ನಡೆಯದು. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿಯೇ ಪ್ರಮಾಣ. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿ ಇರುತ್ತೀರಿ ಎಂದಲ್ಲ. ವೀರಶೈವ ಲಿಂಗಾಯತದಂಥ ಸಮುದಾಯಗಳಲ್ಲಿ ಉಪಜಾತಿಯ ಹೆಸರಿನ ಮೇಲೆ ಇದು ನಿಂತಿದೆ. ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು ನೋಡಿಕೊಂಡು, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಕೆನೆಪದರವಲ್ಲದ ಪ್ರಮಾಣಪತ್ರ ಪಡೆಯಿರಿ. ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರವನ್ನು ಪ್ರತಿ ಆರ್ಥಿಕ ವರ್ಷಕ್ಕೂ ಹೊಸದಾಗಿ ಮಾಡಿಸಬೇಕು.

ಇನ್ನೊಂದು ಮಾತು. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವುದಾದರೆ ಅಂಗಡಿಯವರ ಮೊಬೈಲ್ ಸಂಖ್ಯೆ, ಇಮೇಲ್ ಹಾಕಲು ಬಿಡಬೇಡಿ. ಮುಂದೆ ಸೀಟು ಹಂಚಿಕೆಯ ಪ್ರತಿ ಒಟಿಪಿಯೂ ಅದೇ ಸಂಖ್ಯೆಗೆ ಬರುತ್ತದೆ. ನಿಮ್ಮದೇ, ಇನ್ನೊಂದು ವರ್ಷ ಬದಲಿಸದ ಸಂಖ್ಯೆ ಕೊಡಿ. ಪಾಸ್‌ವರ್ಡ್ ನೀವೇ ಟೈಪ್ ಮಾಡಿ, ಪುಸ್ತಕದಲ್ಲಿ ಬರೆದಿಡಿ.

ಹಂತ 5: ಓದು

ಪಿಜಿಸಿಇಟಿ, ಕೆಮ್ಯಾಟ್‌ಗೆ ದಿನಕ್ಕೆ 2 ಗಂಟೆಯಂತೆ 16 ವಾರ ಓದಿದರೆ ಸಾಕಾಗುತ್ತದೆ. ಕ್ಯಾಟ್‌ಗೆ 10ರಿಂದ 12 ತಿಂಗಳು ಬೇಕು.

ಮೊದಲ 6 ವಾರ ಗಣಿತದ ಬುಡ ಗಟ್ಟಿಮಾಡಿ. ಶೇಕಡಾ, ಅನುಪಾತ, ಲಾಭ-ನಷ್ಟ, ಸರಾಸರಿ, ಕಾಲ-ವೇಗ, ಕಾಲ-ಕೆಲಸ, ಬಡ್ಡಿ ಇಷ್ಟರಿಂದಲೇ ದೊಡ್ಡ ಪಾಲು ಪ್ರಶ್ನೆ ಬರುತ್ತದೆ. 20ರವರೆಗೆ ಮಗ್ಗಿ, 30ರವರೆಗೆ ವರ್ಗ, ಜೊತೆಗೆ ಭಿನ್ನರಾಶಿಗಳ ಶೇಕಡಾ ರೂಪ ಬಾಯಿಪಾಠವಾಗಲಿ: ಏಳನೇ ಒಂದು 14.28, ಎಂಟನೇ ಒಂದು 12.5, ಒಂಬತ್ತನೇ ಒಂದು 11.11, ಹನ್ನೊಂದನೇ ಒಂದು 9.09, ಹನ್ನೆರಡನೇ ಒಂದು 8.33.

ಎಲ್ಲಿ ತಪ್ಪಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ. ದಾವಣಗೆರೆ ಎಪಿಎಂಸಿಯಲ್ಲಿ ವರ್ತಕನೊಬ್ಬ ಮೆಕ್ಕೆಜೋಳವನ್ನು ಕ್ವಿಂಟಲ್‌ಗೆ 2,000 ರೂಪಾಯಿಗೆ ಕೊಂಡ. ಒಣಗಿ ತೂಕ ಶೇ 5 ಇಳಿಯಿತು. ಉಳಿದದ್ದನ್ನು ಕ್ವಿಂಟಲ್‌ಗೆ 2,300ರಂತೆ ಮಾರಿದ. ಲಾಭ ಎಷ್ಟು? ದರ ಶೇ 15 ಏರಿತು, ತೂಕ ಶೇ 5 ಇಳಿಯಿತು, ಹಾಗಾದರೆ ಶೇ 10 ಎಂದು ಅವಸರದಲ್ಲಿ ಗುರುತು ಹಾಕುತ್ತಾರೆ. ಪ್ರಶ್ನೆ ತೆಗೆದವರು ಆ 10ನ್ನೂ ಒಂದು ಆಯ್ಕೆಯಾಗಿ ಇಟ್ಟೇ ಇರುತ್ತಾರೆ. ಸರಿಯಾದ ದಾರಿ ಗುಣಿಸುವುದು: 1.15 × 0.95 = 1.0925. ಲಾಭ ಶೇ 9.25. ಏರಿಕೆ, ಇಳಿಕೆ ಒಂದರ ಮೇಲೊಂದು ಬಂದಾಗಲೆಲ್ಲ ಗುಣಿಸಿ, ಕೂಡಿ ಕಳೆಯಬೇಡಿ.

ಎರಡನೆಯದು: ಚಿತ್ರದುರ್ಗದಿಂದ ದಾವಣಗೆರೆಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ, 40ರಲ್ಲಿ ಹಿಂದಿರುಗಿದರೆ ಸರಾಸರಿ ವೇಗ 50 ಅಲ್ಲ, 48. ನಿಧಾನದ ಪಯಣಕ್ಕೆ ಹೆಚ್ಚು ಹೊತ್ತು ಹಿಡಿಯುವುದರಿಂದ ಸರಾಸರಿ ಅತ್ತ ವಾಲುತ್ತದೆ. ಎರಡು ವೇಗಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಿ: 4800 ÷ 100. ದೂರ ಎಷ್ಟೆಂದು ತಿಳಿಯುವುದೇ ಬೇಡ.

7ರಿಂದ 10ನೇ ವಾರ ತರ್ಕಕ್ಕೆ: ಸಂಕೇತ ಭಾಷೆ, ರಕ್ತ ಸಂಬಂಧ, ದಿಕ್ಕು, ಕುಳಿತುಕೊಳ್ಳುವ ಕ್ರಮ, ಹೇಳಿಕೆ ಮತ್ತು ತೀರ್ಮಾನ. ರಕ್ತ ಸಂಬಂಧದ ಪ್ರಶ್ನೆಯಲ್ಲಿ ಕನ್ನಡದವರಿಗೆ ಒಂದು ತೊಡಕಿದೆ. ನಮಗೆ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಬೇರೆ ಬೇರೆ. ಇಂಗ್ಲಿಷಿನ ಅಂಕಲ್‌ನಲ್ಲಿ ಎಲ್ಲರೂ ಬಂದರು. ಮನಸ್ಸಿನಲ್ಲಿ ಭಾಷಾಂತರಿಸದೆ ಹಾಳೆಯ ಮೇಲೆ ವಂಶವೃಕ್ಷ ಬರೆದುಕೊಳ್ಳಿ.

ಇಂಗ್ಲಿಷ್ ಕೊನೆಗೆ ಓದುವ ವಿಷಯವಲ್ಲ. ಮೊದಲ ದಿನದಿಂದಲೂ ನಿತ್ಯ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯ ಓದಿ, ಅದರ ಸಾರವನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಕನ್ನಡ ಮಾಧ್ಯಮದಿಂದ ಬಂದವರು ಪದಕೋಶ ಉರುಹೊಡೆಯುವುದಕ್ಕಿಂತ ಇದರಿಂದ ಬೇಗ ಮುಂದೆ ಬರುತ್ತಾರೆ, ಏಕೆಂದರೆ ಗದ್ಯ ಕೊಟ್ಟು ಕೇಳುವ ಪ್ರಶ್ನೆಯಲ್ಲಿ ತೊಂದರೆ ಕೊಡುವುದು ಪದವಲ್ಲ, ಉದ್ದ ವಾಕ್ಯ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಪತ್ರಿಕೆಗಳು ಸಿಗುತ್ತವೆ, ಕೊಳ್ಳಬೇಕಿಲ್ಲ.

11ನೇ ವಾರದಿಂದ ವಾರಕ್ಕೆ ಎರಡು ಪೂರ್ಣ ಮಾದರಿ ಪರೀಕ್ಷೆ, ಗಡಿಯಾರ ಮುಂದಿಟ್ಟುಕೊಂಡು. ಬರೆದಷ್ಟೇ ಹೊತ್ತು ತಪ್ಪುಗಳ ಮೇಲೆ ಕೂರಿ. ಗೊತ್ತಿಲ್ಲದೆ ತಪ್ಪಿದ್ದು, ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದು, ಸಮಯ ಸಾಲದೆ ಬಿಟ್ಟಿದ್ದು ಎಂದು ಮೂರು ಪಟ್ಟಿ ಮಾಡಿ. ಎರಡನೇ ಪಟ್ಟಿ ಉದ್ದವಿದ್ದರೆ ಹೊಸ ಪುಸ್ತಕ ಬೇಡ, ನಿಧಾನ ಬೇಕು.

ಹಂತ 6: ಪರೀಕ್ಷೆಯ ದಿನ

ಪಿಜಿಸಿಇಟಿಯಲ್ಲಿ ಪ್ರಶ್ನೆಗೆ 72 ಸೆಕೆಂಡ್. ಇಂಗ್ಲಿಷ್, ಸಾಮಾನ್ಯ ಜ್ಞಾನವನ್ನು ಮೊದಲ 40 ನಿಮಿಷದಲ್ಲಿ ಮುಗಿಸಿ ಗಣಿತಕ್ಕೆ ಹೊತ್ತು ಉಳಿಸಿ. ಅಂಕ ಕಡಿತವಿಲ್ಲದ ಕಾರಣ ಒಂದನ್ನೂ ಖಾಲಿ ಬಿಡಬೇಡಿ. ನಾಲ್ಕು ಆಯ್ಕೆಗಳಿರುವಾಗ, ಗೊತ್ತಿಲ್ಲದ 20ಕ್ಕೆ ಸುಮ್ಮನೆ ಗುರುತು ಹಾಕಿದರೂ ಸರಾಸರಿ 5 ಸರಿಯಾಗುತ್ತವೆ. ಒಎಂಆರ್ ಹಾಳೆಯಲ್ಲಿ ಬರೆಯುವ ಪರೀಕ್ಷೆಯಾದರೆ ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎನ್ನಬೇಡಿ; ಒಂದು ಸಾಲು ಜಾರಿದರೆ ಮುಂದಿನವೆಲ್ಲ ತಪ್ಪುತ್ತವೆ. ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಗುರುತಿಸುವುದನ್ನು ಮರೆತರಂತೂ ಬರೆದದ್ದೆಲ್ಲ ನೀರಿನಲ್ಲಿ ಹೋಮ.

ಕ್ಯಾಟ್‌ನಲ್ಲಿ ಇದಕ್ಕೆ ತದ್ವಿರುದ್ಧ. 10 ಬರೆದು 8 ಸರಿ, 2 ತಪ್ಪಾದರೆ 22 ಅಂಕ. 16 ಬರೆದು 9 ಸರಿ, 7 ತಪ್ಪಾದರೆ 20. ಬಿಡುವುದನ್ನೂ ಅಭ್ಯಾಸ ಮಾಡಿಕೊಂಡೇ ಹೋಗಬೇಕು. ಎರಡೂ ಪರೀಕ್ಷೆ ಬರೆಯುವವರು ಈ ವ್ಯತ್ಯಾಸ ಮರೆಯಬೇಡಿ.

ಐಐಎಂ ಸಂದರ್ಶನಕ್ಕೆ ಕರೆ ಬಂದವರಿಗೆ ಊರಿನ ಬಗ್ಗೆ ಪ್ರಶ್ನೆ ಬರುವುದು ಸಾಮಾನ್ಯ. ದಾವಣಗೆರೆಯ ಹತ್ತಿ ಗಿರಣಿಗಳು ಏಕೆ ಮುಚ್ಚಿದವು, ಮಂಡಕ್ಕಿ ಭಟ್ಟಿಯ ಖರ್ಚು ಹೇಗೆ, ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಶೇಂಗಾ ಎಲ್ಲಿಂದ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಏಕೆ, ಇವಕ್ಕೆ ಎರಡು ನಿಮಿಷದ ಉತ್ತರ ಇರಲಿ. ಬೆಣ್ಣೆ ದೋಸೆ ಎಂದಷ್ಟೇ ಹೇಳಿ ನಿಲ್ಲಿಸಬೇಡಿ.

ಹಂತ 7: ಆಪ್ಷನ್ ಎಂಟ್ರಿ

ರ‍್ಯಾಂಕ್ ಬಂದ ಮೇಲೆ ಕೆಇಎ ಸೀಟ್ ಮ್ಯಾಟ್ರಿಕ್ಸ್ ಪ್ರಕಟಿಸುತ್ತದೆ. ಯಾವ ಕಾಲೇಜಿನಲ್ಲಿ ಯಾವ ವರ್ಗಕ್ಕೆ ಎಷ್ಟು ಸೀಟು ಎಂಬ ಪಟ್ಟಿ ಅದು. ಆಮೇಲೆ ನಿಮಗೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬಬೇಕು. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ, ನಿಮ್ಮ ರ‍್ಯಾಂಕ್‌ಗೆ ಎಲ್ಲಿ ಮೊದಲು ಸೀಟು ಸಿಗುತ್ತದೋ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಸಿಗಬಹುದಾದದ್ದನ್ನು ಮೇಲಿಡಬೇಡಿ, ಬೇಕಾದದ್ದನ್ನು ಮೇಲಿಡಿ. ದಾವಣಗೆರೆ ವಿಶ್ವವಿದ್ಯಾಲಯ ಸುರಕ್ಷಿತ ಎಂದು ಮೊದಲು ಹಾಕಿ ಬೆಂಗಳೂರಿನ ಒಳ್ಳೆಯ ಕಾಲೇಜನ್ನು ಕೆಳಗೆ ಹಾಕಿದರೆ, ರ‍್ಯಾಂಕ್ ಇದ್ದರೂ ಬೆಂಗಳೂರು ಸಿಗದು. ಹೋಗಲು ಮನಸ್ಸೇ ಇಲ್ಲದ ಕಾಲೇಜನ್ನು ಸೇರಿಸಲೇಬೇಡಿ.

ಅಣಕು ಹಂಚಿಕೆ ಬಂದಾಗ ನಿಮ್ಮ ಸ್ಥಾನ ನೋಡಿ ಪಟ್ಟಿ ತಿದ್ದಿಕೊಳ್ಳಿ. ನಿಜವಾದ ಹಂಚಿಕೆಯ ನಂತರ ಚಾಯ್ಸ್ ಆರಿಸಬೇಕು. ಚಾಯ್ಸ್ 1 ಎಂದರೆ ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್ 2 ಎಂದರೆ ಈ ಸೀಟು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ನೋಡುತ್ತೇನೆ. ಮೇಲಿನದು ಸಿಕ್ಕರೆ ಹಳೆಯದು ತಾನಾಗಿಯೇ ಹೋಗುತ್ತದೆ. ಚಾಯ್ಸ್ 3 ಎಂದರೆ ಈ ಸೀಟು ಬೇಡ, ಮುಂದಿನ ಸುತ್ತು ಬೇಕು. ಚಾಯ್ಸ್ 4 ಎಂದರೆ ಪೂರ್ತಿ ಹೊರಗೆ. ಏನನ್ನೂ ಒತ್ತದೆ ಗಡುವು ಮುಗಿದರೆ ಸೀಟು ಕೈತಪ್ಪುತ್ತದೆ. ಅನುಮಾನವಿದ್ದವರಿಗೆ ಚಾಯ್ಸ್ 2 ಸುರಕ್ಷಿತ.

ಹಂತ 8: ಹಣ

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಮುಖ್ಯ ಬಾಗಿಲು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದರೂ ಹಣ ಬರದು. ಹಿಂದುಳಿದ ವರ್ಗದವರಿಗೆ ಡಿ. ದೇವರಾಜ ಅರಸು ನಿಗಮದ ಅರಿವು ಸಾಲ ಶೇ 2 ಬಡ್ಡಿಗೆ ಸಿಗುತ್ತದೆ, ಅದಕ್ಕೆ ಕೆಇಎ ಮೂಲಕ ಸಿಕ್ಕ ಸೀಟಿರುವುದು ಅನುಕೂಲ. ಬ್ಯಾಂಕ್ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ.

ಕೆಲಸ ಬಿಡದೆ ಓದುವವರಿಗೆ

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಎಂಬಿಎಗೆ ಈಗ ಪ್ರವೇಶ ಪರೀಕ್ಷೆಯಿಲ್ಲ. ಪದವಿಯಲ್ಲಿ ಶೇ 50, ಮೀಸಲು ವರ್ಗಕ್ಕೆ ಶೇ 45 ಇದ್ದರೆ ಸಾಕು. 2ರಿಂದ 4 ವರ್ಷದಲ್ಲಿ ಮುಗಿಸಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ಯಾವುದೇ ದೂರಶಿಕ್ಷಣ ಸೇರುವ ಮುಂಚೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯದ ಹೆಸರಷ್ಟೇ ಅಲ್ಲ, ಎಂಬಿಎ ಕೋರ್ಸ್ ಆ ವರ್ಷದ ಪಟ್ಟಿಯಲ್ಲಿದೆಯೇ ಎಂದು ನೋಡಿ. 2024ರ ಸೆಪ್ಟೆಂಬರ್‌ನಿಂದ ಡೆಬ್ ಐಡಿ, ಅಂದರೆ ಆ ವಿಭಾಗದ ಗುರುತಿನ ಸಂಖ್ಯೆ, ಕಡ್ಡಾಯ. ಅದನ್ನು ನೀವೇ ಯುಜಿಸಿ ತಾಣದಲ್ಲಿ ಮಾಡಿಕೊಳ್ಳಬೇಕು. ಅದು ಬೇಡ, ಪರೀಕ್ಷೆಯೂ ಬೇಡ, ಒಂದೇ ವರ್ಷದಲ್ಲಿ ಎಂಬಿಎ ಕೊಡಿಸುತ್ತೇವೆ ಎನ್ನುವ ಏಜೆಂಟರಿಗೆ ಮುಂಗಡ ಕೊಡಬೇಡಿ.

ರೆಗ್ಯುಲರ್ ಸೀಟು ಸಿಕ್ಕವರು ಕಾಲೇಜಿಗೆ ವರದಿ ಮಾಡುವಾಗ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರದ ಜೊತೆ, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ವಲಸೆ ಪ್ರಮಾಣಪತ್ರವನ್ನೂ ಒಯ್ಯಬೇಕು. ದಾವಣಗೆರೆ ವಿಶ್ವವಿದ್ಯಾಲಯದ ಬಿಕಾಂ ಮುಗಿಸಿ ವಿಟಿಯು ಕಾಲೇಜಿಗೆ ಸೇರುವವರಿಗೆ ಊರು ಬದಲಾಗದಿದ್ದರೂ ಇದು ಬೇಕು. ಫಲಿತಾಂಶ ಬಂದ ವಾರದಲ್ಲೇ ಅರ್ಜಿ ಕೊಡಿ. ಮೂಲ ದಾಖಲೆ ಒಪ್ಪಿಸುವ ಮೊದಲು ಪ್ರತಿಯೊಂದರ ಐದು ನಕಲು ತೆಗೆಸಿಟ್ಟುಕೊಂಡು, ಒಪ್ಪಿಸಿದ್ದಕ್ಕೆ ಕಾಲೇಜಿನ ಮೊಹರಿರುವ ಸ್ವೀಕೃತಿ ಪಡೆಯಿರಿ.